ಮೂಳೆ ಕೀಲುಗಳ ಚಿಕಿತ್ಸಾವಿದ್ಯೆಯನ್ನು ಎಲ್ಲಿ ಕಲಿಯತಕ್ಕದ್ದು?

ಪ್ರತಿ ವರುಷವೂ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದ ಮರುವಾರ ನಮ್ಮ ಶಾಲೆಯ ಕಚೇರಿಯ ಮುಂದಿರುವ ಬೆಂಚಿನ ಮೇಲೆ ಪೂರ್ವ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಬಂದು ಕುಳಿತುಕೊಳ್ಳುವುದು ವಾಡಿಕೆಯಾಗಿದೆ. ಹುಡುಗಿಯು ನಮ್ಮ ಶಾಲೆಯನ್ನು ಬಿಟ್ಟು ಎರಡು ವರುಷಗಳಾಗಿದ್ದರೂ, ಮುಂದಿನ ದಾರಿಯನ್ನು ಕೇಳುವುದಕ್ಕೆ ತಾನು ಅಕ್ಷರ ಕಲಿತ ಮನೆಗೇ ಬರುತ್ತಾಳೆಂಬುದು ನಮಗೆ ಸಂತೋಷದ ವಿಷಯ. ಈಚಿನ ವರುಷಗಳಲ್ಲಿ ಆ ಬೆಂಚಿನ ಮೇಲಿಂದ ಹೊಸದೊಂದು ಪ್ರಶ್ನೆ ಕೇಳಿಬರುತ್ತಿದೆ. “ಡಾಕ್ಟರಿಕೆಗೆ ಅಂಕಗಳು ಸಾಲವು. ಬೆನ್ನುನೋವು, ಕೀಲುನೋವುಗಳನ್ನು ಮದ್ದಿಲ್ಲದೆ ಕೈಯಿಂದಲೇ ವಾಸಿಮಾಡುವ ವಿದ್ಯೆಯೊಂದು ಉಂಟಂತೆ, ಅದಕ್ಕೆ ಆಸ್ಟಿಯೋಪತಿ ಎನ್ನುತ್ತಾರಂತೆ. ಅದನ್ನು ಎಲ್ಲಿ ಕಲಿಸುತ್ತಾರೆ, ಅಮ್ಮಾವರೇ?”

ಈ ಪ್ರಶ್ನೆಗೆ ನಾವು ಒಮ್ಮೆ ಅವಸರದಿಂದ ಉತ್ತರಕೊಟ್ಟು ಪಶ್ಚಾತ್ತಾಪಪಟ್ಟಿರುವೆವು. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಆ ವಿಷಯವನ್ನು ಕ್ರಮವಾಗಿ ವಿವರಿಸಿ ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ನಮ್ಮ ಸೀಮೆಯ ಹುಡುಗಿಯರಿಗೆ ಈ ವಿದ್ಯೆಯ ಕಡೆಗೆ ಮನಸ್ಸು ಹರಿಯುವುದು ಆಶ್ಚರ್ಯವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮನೆಯ ಬದುಕು ನಿಂತಿರುವುದು ತೆಂಗಿನ ಮರದ ಮೇಲೆ. ಆ ಮರವು ಅನ್ನವನ್ನು ಕೊಡುವಂತೆಯೇ ಮನುಷ್ಯನ ಬೆನ್ನಿನಿಂದ ಕಪ್ಪವನ್ನೂ ತೆಗೆದುಕೊಳ್ಳುತ್ತದೆ. ಐವತ್ತು ಅರುವತ್ತು ಅಡಿಯ ಮರವನ್ನು ಹತ್ತಿ ಕಾಯಿ ಕೀಳುವವನು ಮಳೆಗಾಲದ ಜಾರಿಕೆಯಲ್ಲಿ ಕಾಲು ತಪ್ಪಿದರೆ ಬೀಳುವುದು ಬಹುಮಟ್ಟಿಗೆ ಸೊಂಟದ ಮೇಲೆಯೇ. ಕಾಯಿಯನ್ನು ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಒಣಗಿಸಿ, ಮತ್ತೆ ಇಳಿಸಿ, ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಒತ್ತಿ ಮಟ್ಟೆ ಸುಲಿದು, ಚಿಪ್ಪು ಒಡೆದು ಕೊಬ್ಬರಿಯನ್ನು ಬಿಡಿಸುವವರೆಗೆ ಎಷ್ಟು ಸಲ ಬಗ್ಗಿ ಏಳಬೇಕೆಂಬುದನ್ನು ಲೆಕ್ಕವಿಟ್ಟವರಿಲ್ಲ. ಕುಕ್ಕೆ ಹೊರುವ ಹೆಂಗಸರೂ ನಾರಿನ ಕೆಲಸದಲ್ಲಿ ದಿನವೆಲ್ಲ ಕುಳಿತಿರುವ ಹೆಂಗಸರೂ ನಲವತ್ತಕ್ಕೆಲ್ಲ ಗೋಡೆ ಹಿಡಿದು ನಡೆಯುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಹದಿನೆಂಟು ವರುಷಗಳಿಂದ ಬೆನ್ನು ಬಾಗಿ ಮೇಲಕ್ಕೆ ನೋಡಲಾರದೆ ಇದ್ದ ಸ್ತ್ರೀಯನ್ನು ಕರ್ತನು ಕರೆದು ನೆಟ್ಟಗೆ ನಿಲ್ಲಿಸಿದ ಸಂಗತಿಯನ್ನು ಲೂಕನ ಸುವಾರ್ತೆಯಿಂದ ಓದುವಾಗ, ಅಂಥವಳೊಬ್ಬಳು ನಮ್ಮ ಮಕ್ಕಳಲ್ಲಿ ಅನೇಕರ ಮನೆಯಲ್ಲಿಯೇ ಇರುತ್ತಾಳೆ.

ಆಸ್ಟಿಯೋಪತಿ ಎಂಬ ಹೆಸರು ಮೂಳೆ, ವೇದನೆ ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳಿಂದ ಆದುದು. ಇದನ್ನು ಸ್ಥಾಪಿಸಿದವರು ಅಮೆರಿಕಾ ದೇಶದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು. ಇವರು ಮೆಥೊಡಿಸ್ಟ್ ಬೋಧಕರೊಬ್ಬರ ಮಗ. ೧೮೬೪ರಲ್ಲಿ ಮಿದುಳುಜ್ವರದಿಂದ ಇವರ ಮಕ್ಕಳು ತೀರಿಹೋದರು. ತಾವು ಕಲಿತ ಮದ್ದುಗಳು ತಮ್ಮ ಮನೆಯಲ್ಲಿಯೇ ನಿಷ್ಫಲವಾದುದನ್ನು ಕಂಡು, ಎಲುಬು, ಸ್ನಾಯು, ರಕ್ತಸಂಚಾರಗಳನ್ನು ಸರಿಪಡಿಸಿದರೆ ದೇಹವು ತನ್ನನ್ನು ತಾನೇ ಗುಣಪಡಿಸಿಕೊಳ್ಳುವುದೆಂಬ ಮತವನ್ನು ಅವರು ೧೮೭೪ರಲ್ಲಿ ಪ್ರಕಟಿಸಿದರು. ಕೆಲವು ಕಾಲ ಅವರು ಊರೂರು ತಿರುಗಿ ಮೂಳೆ ಕೂರಿಸುವವರೆಂದೇ ಪ್ರಸಿದ್ಧರಾಗಿದ್ದರು. ನಮ್ಮ ಹಳ್ಳಿಗಳಲ್ಲಿ ಬಿದಿರಿನ ದಬ್ಬೆ ಇಟ್ಟು ಮೂಳೆ ಕಟ್ಟುವ ನಾಟಿ ವೈದ್ಯರನ್ನೂ, ಆಂಧ್ರ ಸೀಮೆಯ ಪುತ್ತೂರು ಕಟ್ಟನ್ನೂ ಬಲ್ಲ ಓದುಗರಿಗೆ ಇದು ಅಪರಿಚಿತವೆನಿಸಲಾರದು. ೧೮೯೨ರಲ್ಲಿ ಮಿಸ್ಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಅವರು ಮೊದಲನೆಯ ಶಾಲೆಯನ್ನು ತೆರೆದರು. ಆ ಮೊದಲ ತರಗತಿಯಲ್ಲಿ ಸ್ತ್ರೀಯರೂ ಕುಳಿತು ಕಲಿತರೆಂಬುದು ನಮ್ಮಂಥ ಶಾಲೆಯವರು ನೆನಪಿಡತಕ್ಕ ಮಾತು.

ಈ ವಿದ್ಯೆಯ ಫಲವೆಷ್ಟೆಂದು ಕೇಳಿದರೆ ಪಕ್ಷಪಾತವಿಲ್ಲದೆ ಹೇಳಬೇಕು. ಬಹುಕಾಲದ ಸೊಂಟನೋವಿನಲ್ಲಿ ತಕ್ಕ ಕೈಚಿಕಿತ್ಸೆಯಿಂದ ಸ್ವಲ್ಪಮಟ್ಟಿನ ಉಪಶಮನವಾಗುತ್ತದೆ. ಅದರೊಡನೆ ವ್ಯಾಯಾಮವೂ ದುಡಿಮೆಯ ರೀತಿಯಲ್ಲಿ ಮಾರ್ಪಾಡೂ ಸೇರಿದರೆ ಹೆಚ್ಚು ಒಳ್ಳೆಯದು. ಆದರೆ ಉಬ್ಬಸವನ್ನೂ, ಕೂಸಿನ ಹೊಟ್ಟೆನೋವನ್ನೂ, ಸಕಲ ರೋಗಗಳನ್ನೂ ಬೆನ್ನೆಲುಬನ್ನು ಒತ್ತಿ ವಾಸಿಮಾಡುತ್ತೇವೆಂಬ ಮಾತಿಗೆ ಆಧಾರವಿಲ್ಲ. ಕುತ್ತಿಗೆಯನ್ನು ರಭಸವಾಗಿ ತಿರುವುವುದರಿಂದ ಅಪರೂಪವಾಗಿಯಾದರೂ ಘೋರವಾದ ಹಾನಿಯಾಗುವುದುಂಟು. ಆದುದರಿಂದ ಇದು ಬರಿಯ ಕೈಚಳಕದ ಕಸುಬಲ್ಲ. ಶರೀರಶಾಸ್ತ್ರವನ್ನು ಆಮೂಲಾಗ್ರವಾಗಿ ಕಲಿತವರು ಮಾತ್ರ ಕೈಹಾಕತಕ್ಕ ಕೆಲಸ.

ಈಗ ನಮ್ಮ ತಪ್ಪನ್ನು ಹೇಳುವೆವು. ಕೆಲವು ವರುಷಗಳ ಹಿಂದೆ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ತಂದೆಯ ಅಣ್ಣನೊಡನೆ ನಮ್ಮ ಬಳಿಗೆ ಬಂದಳು. ತಂದೆಯು ಮರದಿಂದ ಬಿದ್ದು ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಹುಡುಗಿಯ ಕೈಯಲ್ಲಿ ದೂರದ ಪಟ್ಟಣವೊಂದರ ಸಂಸ್ಥೆಯ ಬಣ್ಣದ ವಿವರಪತ್ರಿಕೆಯಿತ್ತು. ಒಂದೇ ವರುಷದ ವ್ಯಾಸಂಗ, ಕೊನೆಯಲ್ಲಿ ವಿದೇಶದ ಹೆಸರುಳ್ಳ ಡಿಪ್ಲೊಮಾ, ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆದುಕೊಳ್ಳಬಹುದೆಂಬ ಆಶ್ವಾಸನೆ. ನಾವು ಕಟ್ಟಡದ ಚಿತ್ರವನ್ನು ನೋಡಿದೆವು. ಹುಡುಗಿಯರಿಗೆ ಪ್ರತ್ಯೇಕ ವಸತಿಗೃಹ ಉಂಟೇ ಎಂದು ವಿಚಾರಿಸಿದೆವು. ಉಂಟೆಂದು ತಿಳಿದು ಸಮಾಧಾನಗೊಂಡು ಗುಣಪತ್ರಕ್ಕೆ ಸಹಿ ಮಾಡಿದೆವು. ಅವರು ಅಟ್ಟದ ಕಾಯನ್ನು ಕೊಬ್ಬರಿಯಾಗುವ ಮೊದಲೇ ನಷ್ಟಕ್ಕೆ ಮಾರಿ ಶುಲ್ಕವನ್ನು ಕಟ್ಟಿದರು.

ವರುಷ ಕಳೆದ ಮೇಲೆ ಆ ಹುಡುಗಿಯು ಒಂದು ಆಸ್ಪತ್ರೆಗೆ ಅರ್ಜಿ ಹಾಕಿದಾಗ ಅಲ್ಲಿನವರು ಎರಡೇ ಪ್ರಶ್ನೆಗಳನ್ನು ಕೇಳಿದರಂತೆ: ಇದು ಯಾವ ವಿಶ್ವವಿದ್ಯಾಲಯದ ಪದವಿ? ನಿನ್ನ ಹೆಸರು ಯಾವ ರಿಜಿಸ್ಟರಿನಲ್ಲಿದೆ? ಎರಡಕ್ಕೂ ಅವಳ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಗಳನ್ನು ಮೊದಲು ಕೇಳಬೇಕಾಗಿದ್ದವರು ನಾವು. ಅವಳು ನಮ್ಮ ಬಳಿಗೆ ಬಂದು ನಿಂತಾಗ ಒಂದು ನಿಷ್ಠುರದ ಮಾತನ್ನೂ ಆಡಲಿಲ್ಲ; ಆಡಿದ್ದರೆ ನಮಗೆ ಹಗುರವಾಗುತ್ತಿತ್ತು. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂಬ ದೃಷ್ಟಾಂತವನ್ನು ಮಕ್ಕಳಿಗೆ ಎಷ್ಟೋ ವರುಷಗಳಿಂದ ಕಲಿಸುತ್ತ ಬಂದಿದ್ದ ನಾವು, ಮತ್ತೊಬ್ಬರ ಗೋಪುರಕ್ಕೆ ಲೆಕ್ಕ ಹಾಕದೆ ಹೋದೆವು.

ಅಂದಿನಿಂದ ವಿಚಾರಿಸಿ ತಿಳಿದುಕೊಂಡದ್ದು ಇದು. ಆಸ್ಟಿಯೋಪತಿ ಎಂಬ ಹೆಸರು ಒಂದೇ ಆದರೂ ದೇಶದಿಂದ ದೇಶಕ್ಕೆ ಅದರ ಅರ್ಥ ಬೇರೆಯಾಗಿದೆ. ಅಮೆರಿಕಾದಲ್ಲಿ ಈ ಪದವಿಯನ್ನು ಪಡೆದವರು ಪೂರ್ಣಾಧಿಕಾರವುಳ್ಳ ವೈದ್ಯರು. ಮದ್ದನ್ನೂ ಬರೆಯುವರು, ಶಸ್ತ್ರಚಿಕಿತ್ಸೆಯನ್ನೂ ಮಾಡುವರು. ಅಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರುಷಗಳ ಪದವಿ, ಅನಂತರ ನಾಲ್ಕು ವರುಷಗಳ ವೈದ್ಯಕೀಯ ವ್ಯಾಸಂಗ, ಅದರ ಮೇಲೆ ಆಸ್ಪತ್ರೆಯಲ್ಲಿ ತರಬೇತು ಆಗಬೇಕು. ಇಂಗ್ಲೆಂಡಿನಲ್ಲಿ ಜಾನ್ ಮಾರ್ಟಿನ್ ಲಿಟ್ಲ್‌ಜಾನ್ ಎಂಬವರು ೧೯೧೭ರಲ್ಲಿ ಲಂಡನ್ನಿನಲ್ಲಿ ಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ಇದನ್ನು ಕಲಿತವರು ಸರ್ವರೋಗಗಳ ವೈದ್ಯರಲ್ಲ, ಕೈಚಿಕಿತ್ಸೆಯವರು ಮಾತ್ರ. ಆದರೂ ೧೯೯೩ರ ಕಾನೂನಿನ ಮೂಲಕ ಅವರಿಗೆ ಪ್ರತ್ಯೇಕ ಮಂಡಲಿಯೂ ರಿಜಿಸ್ಟರೂ ಏರ್ಪಟ್ಟಿವೆ. ರಿಜಿಸ್ಟರಿನಲ್ಲಿ ಹೆಸರಿಲ್ಲದವರು ತಮ್ಮನ್ನು ಆಸ್ಟಿಯೋಪತ್ ಎಂದು ಕರೆದುಕೊಳ್ಳುವುದು ಅಲ್ಲಿ ಅಪರಾಧ.

ನಮ್ಮ ದೇಶದಲ್ಲಿಯೋ, ಸರ್ಕಾರವು ಆಯುಷ್ ಎಂಬ ಹೆಸರಿನಲ್ಲಿ ಅಂಗೀಕರಿಸಿರುವ ಪದ್ಧತಿಗಳಲ್ಲಿ ಆಯುರ್ವೇದ, ಯೋಗ ಮತ್ತು ಪ್ರಕೃತಿಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪತಿಗಳು ಇವೆಯೇ ಹೊರತು ಆಸ್ಟಿಯೋಪತಿ ಇಲ್ಲ. ೨೦೨೧ರಲ್ಲಿ ವೈದ್ಯರಿಗೆ ಸಹಾಯಕವಾದ ಆರೋಗ್ಯವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವೊಂದನ್ನು ಸ್ಥಾಪಿಸುವ ಕಾನೂನು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಯಿತು. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಮಂಡಲಿಗಳು, ಅರ್ಹರ ಹೆಸರುಗಳ ರಿಜಿಸ್ಟರು, ಇವು ಆ ಕಾನೂನಿನ ತಿರುಳು. ಅದರ ಅನುಸೂಚಿಯಲ್ಲಿ ಫಿಜಿಯೋಥೆರಪಿಗೆ ಪ್ರತ್ಯೇಕ ವರ್ಗವುಂಟು. ಆಸ್ಟಿಯೋಪತಿಗೆ ಅಂಥ ಪ್ರತ್ಯೇಕ ವರ್ಗವಿಲ್ಲ. ಒಡಿಶಾದ ಕಟಕಿನ ಬಳಿಯ ಶ್ರೀ ಶ್ರೀ ವಿಶ್ವವಿದ್ಯಾಲಯದಂತೆ ಆಸ್ಟಿಯೋಪತಿಯ ಹೆಸರಿನಲ್ಲಿಯೇ ಪದವಿ ವ್ಯಾಸಂಗವನ್ನು ಏರ್ಪಡಿಸಿರುವ ಸ್ಥಳವೂ ಉಂಟು. ಆದರೆ ನಮ್ಮಲ್ಲಿ ಈ ಕೈಚಿಕಿತ್ಸೆಯನ್ನು ಅಭ್ಯಾಸ ಮಾಡುವವರಲ್ಲಿ ಅನೇಕರು ಮೊದಲು ಫಿಜಿಯೋಥೆರಪಿಯಲ್ಲಿ ಪದವಿಯನ್ನು ಪಡೆದು, ಅನಂತರ ಇದನ್ನು ಹೆಚ್ಚಿನ ವಿದ್ಯೆಯಾಗಿ ಕಲಿತವರು.

ಹೀಗಿರುವುದರಿಂದ, ತೆಂಗಿನ ತೋಟದ ಆದಾಯದಿಂದಲೇ ಮಗಳನ್ನು ಓದಿಸಬೇಕಾದ ಮನೆಯವರಿಗೆ ನಾವು ಕೊಡುವ ಸಲಹೆ ಒಂದೇ. ಮೊದಲು ಫಿಜಿಯೋಥೆರಪಿಯ ಪದವಿಯಾಗಲಿ. ಆಸ್ಟಿಯೋಪತಿಯ ಆಸೆಯಿದ್ದರೆ ಆ ತಳಹದಿಯ ಮೇಲೆ ಆಮೇಲೆ ಕಟ್ಟಲಿ. ಬೆನ್ನುನೋವಿನವರನ್ನು ಮಾತ್ರವಲ್ಲದೆ, ಪಾರ್ಶ್ವವಾಯುವಿನಿಂದ ಕೈಕಾಲು ಸೋತವರನ್ನೂ, ಮೂಳೆ ಮುರಿದು ಕಟ್ಟು ಬಿಚ್ಚಿದವರನ್ನೂ, ನಡಿಗೆ ಬಾರದ ಮಕ್ಕಳನ್ನೂ ನೋಡಿಕೊಳ್ಳುವುದು ಈ ವಿದ್ಯೆಯ ವ್ಯಾಪ್ತಿಗೆ ಸೇರಿದೆ. ಮದ್ದಿಲ್ಲದ ಚಿಕಿತ್ಸೆಯಲ್ಲಿಯೇ ಮನಸ್ಸಿರುವವಳಿಗೆ ಪ್ರಕೃತಿಚಿಕಿತ್ಸೆ ಮತ್ತು ಯೋಗದ ಪದವಿಯೂ ಉಂಟು. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ೧೯೮೯ರಿಂದ ಇದನ್ನು ಕಲಿಸುತ್ತಿದೆ. ಅದರ ಅವಧಿ ಒಂದು ವರುಷದ ಆಸ್ಪತ್ರೆಯ ತರಬೇತೂ ಸೇರಿ ಐದೂವರೆ ವರುಷಗಳು.

ನಮ್ಮ ರಾಜ್ಯದಲ್ಲಿ ಫಿಜಿಯೋಥೆರಪಿ ಕಾಲೇಜುಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ೧೯೯೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಮೈಸೂರಿನ ಜೆ.ಎಸ್.ಎಸ್., ಮಂಗಳೂರಿನ ಫಾದರ್ ಮುಲ್ಲರ್, ಧಾರವಾಡದ ಎಸ್.ಡಿ.ಎಂ., ಬೆಳಗಾವಿಯ ಕೆ.ಎಲ್.ಇ., ಮಣಿಪಾಲ ಇವೆಲ್ಲ ದೊಡ್ಡ ಆಸ್ಪತ್ರೆಗಳ ಆಶ್ರಯದಲ್ಲಿರುವ ವಿದ್ಯಾಸ್ಥಳಗಳು. ಇವುಗಳಲ್ಲಿ ಕೆಲವು ಸ್ವತಂತ್ರ ವಿಶ್ವವಿದ್ಯಾಲಯಗಳಿಗೆ ಸೇರಿದುವಾದ್ದರಿಂದ ಶುಲ್ಕದಲ್ಲಿಯೂ ಪ್ರವೇಶದ ಕ್ರಮದಲ್ಲಿಯೂ ಭೇದವಿರುತ್ತದೆ. ಫಾದರ್ ಮುಲ್ಲರ್ ಸಂಸ್ಥೆಯು ೧೮೮೦ರಲ್ಲಿ ಕಂಕನಾಡಿಯಲ್ಲಿ ಯೇಸುಸಭೆಯ ಪಾದ್ರಿಗಳೊಬ್ಬರು ಮದ್ದು ಹಂಚುವುದಕ್ಕೆ ಆರಂಭಿಸಿದ ಸಣ್ಣ ಕೆಲಸದಿಂದ ಬೆಳೆದು ಬಂದುದು.

ಇನ್ನು ನೆರೆಯ ತಮಿಳುನಾಡಿನ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜನ್ನು ಹೇಳದೆ ಬಿಡಲಾಗದು. ಈಡಾ ಸ್ಕಡ್ಡರ್ ಅವರು ೧೯೦೦ರಲ್ಲಿ ಅಲ್ಲಿ ಕೆಲಸವನ್ನು ಆರಂಭಿಸಿ, ೧೯೧೮ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆಯನ್ನು ತೆರೆದರು. ಅದೇ ಸಂಸ್ಥೆಯ ವೈದ್ಯೆ ಮೇರಿ ವರ್ಗೀಸ್ ಅವರು ೧೯೫೪ರಲ್ಲಿ ಮೋಟಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನವನ್ನು ಕಳೆದುಕೊಂಡರು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಅಂಗವಿಕಲರ ಪುನಶ್ಚೇತನದ ವಿದ್ಯೆಯನ್ನು ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಬೆಳೆಸಿದರು. ೧೯೬೬ರಲ್ಲಿ ಅಲ್ಲಿ ಅದಕ್ಕಾಗಿಯೇ ಒಂದು ಕೇಂದ್ರವು ತೆರೆಯಿತು. ಮರದಿಂದ ಬಿದ್ದವನು ಮತ್ತೆ ನಡೆಯಲಾರದೆ ಹೋದರೂ ಮತ್ತೆ ಬದುಕಬಲ್ಲನೆಂಬುದನ್ನು ಕಲಿಸುವ ಇಂಥ ಸ್ಥಳದಲ್ಲಿ ಫಿಜಿಯೋಥೆರಪಿಯ ಪದವಿಯೂ ಇದೆ. ಅಲ್ಲಿ ಸ್ಥಾನಗಳು ಸ್ವಲ್ಪ, ಅಪೇಕ್ಷಿಸುವವರು ಬಹಳ ಎಂಬುದನ್ನು ಮಾತ್ರ ತಿಳಿದಿರಬೇಕು.

ಯಾವ ಸ್ಥಳವನ್ನು ಆರಿಸಿಕೊಂಡರೂ ಹಣ ಕಟ್ಟುವ ಮೊದಲು ಕೇಳತಕ್ಕ ಪ್ರಶ್ನೆಗಳನ್ನು ಕೆಳಗೆ ಕೊಟ್ಟಿರುವೆವು. ತಂದೆತಾಯಿಗಳು ಇವುಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗುವುದು ಲೇಸು.

ಮೊದಲನೆಯದು, ಪದವಿಯನ್ನು ಕೊಡುವವರು ಯಾರು? ಕಾಲೇಜಿನ ಹೆಸರು ಸಾಲದು. ವಿಶ್ವವಿದ್ಯಾಲಯದ ಹೆಸರು ಬೇಕು. ಆ ವಿಶ್ವವಿದ್ಯಾಲಯವು ತಾನೇ ಪ್ರಕಟಿಸುವ ಪಟ್ಟಿಯಲ್ಲಿ ಆ ಕಾಲೇಜು ಈ ವರುಷ ಇದೆಯೇ ಎಂದು ನೋಡಬೇಕು. ಹಿಂದಿನ ವರುಷದ ಮಾನ್ಯತೆಯ ಪತ್ರವನ್ನು ಗೋಡೆಗೆ ತೂಗುಹಾಕಿದ್ದರೆ ಅದರಿಂದ ತೃಪ್ತರಾಗಬಾರದು.

ಎರಡನೆಯದು, ವ್ಯಾಸಂಗ ಮುಗಿದ ಮೇಲೆ ಯಾವ ರಿಜಿಸ್ಟರಿನಲ್ಲಿ ಹೆಸರು ಬರುತ್ತದೆ? ಇದಕ್ಕೆ ನೇರವಾದ ಉತ್ತರ ಸಿಕ್ಕದಿದ್ದರೆ ಅಲ್ಲಿಂದ ಎದ್ದುಬರುವುದೇ ಮೇಲು. ವಿದೇಶದ ಮಂಡಲಿಯ ಹೆಸರನ್ನು ಹೇಳಿದರೆ, ಆ ಮಂಡಲಿಗೆ ನೇರವಾಗಿ ಬರೆದು ವಿಚಾರಿಸಬೇಕು.

ಮೂರನೆಯದು, ರೋಗಿಗಳೆಲ್ಲಿ? ಬೊಂಬೆಯ ಮೇಲೂ ಸಹಪಾಠಿಯ ಮೇಲೂ ಕಲಿತ ವಿದ್ಯೆ ಅರ್ಧ ವಿದ್ಯೆ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ, ಎಷ್ಟು ದಿನ ಕಳುಹಿಸುತ್ತಾರೆ ಎಂದು ಕೇಳಬೇಕು. ಸಾಧ್ಯವಾದರೆ ಬೆಳಗಿನ ಹೊತ್ತು ಹೊರರೋಗಿಗಳ ವಿಭಾಗದಲ್ಲಿ ಒಂದು ಗಳಿಗೆ ಕುಳಿತು ನೋಡಬೇಕು. ಅಲ್ಲಿ ಬೆಂಚುಗಳು ಬರಿದಾಗಿದ್ದರೆ ತರಗತಿಯ ಕುರ್ಚಿಗಳು ಎಷ್ಟು ಹೊಸದಾಗಿದ್ದರೂ ಪ್ರಯೋಜನವಿಲ್ಲ.

ನಾಲ್ಕನೆಯದು, ಈಗ ಕಲಿಯುತ್ತಿರುವ ಹುಡುಗಿಯರು ಏನೆನ್ನುತ್ತಾರೆ? ಕಚೇರಿಯವರು ಆರಿಸಿ ಕರೆತಂದವರನ್ನಲ್ಲ, ವಸತಿಗೃಹದ ಬಾಗಿಲಲ್ಲಿ ತಾವಾಗಿಯೇ ಸಿಕ್ಕವರನ್ನು ಕೇಳಬೇಕು. ಉಪಾಧ್ಯಾಯರು ತರಗತಿಗೆ ಬರುತ್ತಾರೆಯೇ, ಪರೀಕ್ಷೆಗಳು ಹೊತ್ತಿಗೆ ನಡೆಯುತ್ತವೆಯೇ, ಮುಗಿಸಿ ಹೋದವರು ಎಲ್ಲಿ ಕೆಲಸದಲ್ಲಿದ್ದಾರೆ ಎಂಬುದು ವಿವರಪತ್ರಿಕೆಯಿಂದ ತಿಳಿಯತಕ್ಕದ್ದಲ್ಲ.

ಐದನೆಯದು, ಕೊನೆಯ ವರುಷದವರೆಗಿನ ಪೂರ್ಣ ವೆಚ್ಚವೆಷ್ಟು? ಮೊದಲ ವರುಷದ ಶುಲ್ಕವನ್ನು ಮಾತ್ರ ಹೇಳಿ ಮಿಕ್ಕುದನ್ನು ಮುಚ್ಚಿಡುವುದುಂಟು. ವಸತಿ, ಊಟ, ಪುಸ್ತಕ, ಪರೀಕ್ಷೆ, ಪ್ರಯಾಣ ಇವೆಲ್ಲವನ್ನೂ ಕೂಡಿಸಿ ಬರೆಸಿಕೊಳ್ಳಬೇಕು. ಹಿಂದುಳಿದ ವರ್ಗಗಳ, ಪರಿಶಿಷ್ಟರ, ಅಲ್ಪಸಂಖ್ಯಾತರ ಇಲಾಖೆಗಳು ವಿದ್ಯಾರ್ಥಿವೇತನವನ್ನೂ ವಿದ್ಯಾರ್ಥಿನಿಲಯಗಳನ್ನೂ ಏರ್ಪಡಿಸಿವೆ. ಅವಕ್ಕೆ ಬೇಕಾದ ಜಾತಿ, ಆದಾಯ ಪತ್ರಗಳನ್ನು ತಾಲ್ಲೂಕು ಕಚೇರಿಯಿಂದ ಮೊದಲೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು. ಕೊಬ್ಬರಿಯ ಧಾರಣೆ ಒಂದು ವರುಷ ಏರಿದರೆ ಮತ್ತೊಂದು ವರುಷ ಇಳಿಯುವುದೆಂಬುದನ್ನು ತಿಪಟೂರಿನ ಮಾರುಕಟ್ಟೆಗೆ ಹೋಗಿ ಬರುವವರಿಗೆ ನಾವು ಹೇಳಬೇಕಾದುದಿಲ್ಲ. ಏರಿದ ವರುಷದ ಧಾರಣೆಯನ್ನು ನಂಬಿ ನಾಲ್ಕೈದು ವರುಷಗಳ ಶುಲ್ಕಕ್ಕೆ ಒಪ್ಪಿಕೊಳ್ಳಬಾರದು.

ಇವುಗಳೊಡನೆ ಇನ್ನೊಂದು ಎಚ್ಚರಿಕೆ. ೨೦೨೧ರ ಕಾನೂನು ಬಂದ ಮೇಲೆ ಫಿಜಿಯೋಥೆರಪಿ ವ್ಯಾಸಂಗದ ಅವಧಿ, ಪಾಠಕ್ರಮ, ಪ್ರವೇಶ ಪರೀಕ್ಷೆಗಳ ವಿಷಯದಲ್ಲಿ ನಿಯಮಗಳು ಮಾರ್ಪಾಡಾಗುತ್ತ ಬಂದಿವೆ. ಅಕ್ಕನು ಸೇರಿದ ಕ್ರಮದಲ್ಲಿಯೇ ತಂಗಿಯೂ ಸೇರಬಹುದೆಂದು ಎಣಿಸದೆ, ಸೇರುವ ವರುಷದ ಪ್ರಕಟಣೆಯನ್ನೇ ನೋಡಬೇಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕಾದುದರಿಂದ, ಈ ದಾರಿಯ ಯೋಚನೆಯು ಎಸ್.ಎಸ್.ಎಲ್.ಸಿ. ಮುಗಿದಾಗಲೇ ಆರಂಭವಾಗತಕ್ಕದ್ದು.

“ಹೆಣ್ಣುಮಗಳು ಪರರ ಮೈಮುಟ್ಟಿ ಚಿಕಿತ್ಸೆ ಮಾಡುವುದೇ?” ಎಂದು ಕೆಲವು ಹಿರಿಯರು ಸಂಕೋಚದಿಂದ ಕೇಳುತ್ತಾರೆ. ನಮ್ಮ ಹಳ್ಳಿಯ ಹೆಂಗಸು ಸೊಂಟನೋವನ್ನು ಹತ್ತು ವರುಷ ನುಂಗಿಕೊಂಡಿರುವುದಕ್ಕೆ ಒಂದು ಕಾರಣ, ಅದನ್ನು ತೋರಿಸಿಕೊಳ್ಳುವುದಕ್ಕೆ ಹೆಂಗಸೊಬ್ಬಳು ಸಿಕ್ಕದಿರುವುದು. ನಿಮ್ಮ ಮಗಳು ಕಲಿತರೆ ಆ ತಾಯಂದಿರು ಬಾಯಿಬಿಟ್ಟು ಹೇಳುವರು. ಈಡಾ ಸ್ಕಡ್ಡರ್ ಅವರನ್ನು ವೈದ್ಯವಿದ್ಯೆಗೆ ಎಳೆದುದೂ ಇದೇ ಕೊರತೆಯಲ್ಲವೇ?

ಕೊನೆಯದಾಗಿ, ವಿದ್ಯೆ ಕಲಿಯದವರೂ ತಿಳಿದಿರಬೇಕಾದ ಒಂದು ಸಂಗತಿ. ಮರದಿಂದ ಬಿದ್ದವನನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸಬಾರದು. ಕುತ್ತಿಗೆಯೂ ಬೆನ್ನೂ ತಿರುಚಿಕೊಳ್ಳದಂತೆ, ಬಿದ್ದಲ್ಲಿಯೇ ಅಲುಗಿಸದೆ ಮಲಗಿಸಿರಿಸಿ, ೧೦೮ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಸಬೇಕು. ಎತ್ತಲೇಬೇಕಾಗಿ ಬಂದರೆ ನಾಲ್ಕೈದು ಜನ ಸೇರಿ ತಲೆ, ಬೆನ್ನು, ಸೊಂಟ, ಕಾಲುಗಳನ್ನು ಒಂದೇ ನೇರದಲ್ಲಿ ಹಿಡಿದು ಹಲಗೆಯ ಮೇಲೆ ಮಲಗಿಸಬೇಕು. ಬೀಳುವಾಗ ಉಳಿದ ಬೆನ್ನುಹುರಿಯು ಎತ್ತುವಾಗ ಕೆಟ್ಟುಹೋಗುವುದುಂಟು.

ನಾವು ಮೇಲೆ ಹೇಳಿದ ಹುಡುಗಿಯ ವಿಷಯವನ್ನು ತಿಳಿಯಲು ಓದುಗರು ಬಯಸಬಹುದು. ಅವಳು ಮತ್ತೆ ಮೊದಲನೆಯ ವರುಷದಿಂದ ಆರಂಭಿಸಿ, ತನಗಿಂತ ಕಿರಿಯರೊಡನೆ ಕುಳಿತು, ವಿಶ್ವವಿದ್ಯಾಲಯದ ಫಿಜಿಯೋಥೆರಪಿ ಪದವಿಯನ್ನು ಮುಗಿಸಿದಳು. ಈ ಸಲ ವಿಚಾರಣೆಗೆ ನಾವೂ ಅವಳೊಡನೆ ಹೋಗಿದ್ದೆವು. ಈಗ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ತಂದೆಯು ನಡೆಯಲಾರರು, ಆದರೆ ತಾವಾಗಿಯೇ ಗಾಲಿಕುರ್ಚಿಗೆ ಇಳಿದು, ಅಂಗಳದಲ್ಲಿ ಕುಳಿತು ಕಾಯಿಯ ಲೆಕ್ಕವನ್ನು ನೋಡಿಕೊಳ್ಳುತ್ತಾರೆ. ಕಳೆದ ಸಲ ಶಾಲೆಗೆ ಬಂದಿದ್ದಾಗ, “ಮೊದಲಿನ ಆ ಒಂದು ವರುಷಕ್ಕೂ ಆಮೇಲಿನ ಓದಿಗೂ ಭೇದವೇನಮ್ಮಾ?” ಎಂದು ಕೇಳಿದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅಲ್ಲಿ ಎಲ್ಲಿ ಕೈ ಇಡಬೇಕೆಂದು ಹೇಳಿಕೊಟ್ಟರು, ಅಮ್ಮಾವರೇ. ಇಲ್ಲಿ ಎಲ್ಲಿ ಕೈ ಇಡಬಾರದೆಂಬುದನ್ನು ಮೊದಲು ಕಲಿಸಿದರು” ಎಂದಳು.

ಕಾಲೇಜನ್ನು ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾವು ಕಾಣೆವು. ಮುಂದಿನ ಫಲಿತಾಂಶದ ವಾರದಲ್ಲಿ ವಿವರಪತ್ರಿಕೆಗಳನ್ನು ಹಿಡಿದು ಬರುವ ತಾಯಿತಂದೆಗಳಿಗೆ ನಮ್ಮ ಬೆಂಚು ಎಂದಿನಂತೆ ಕಾದಿರುತ್ತದೆ. ಈ ಐದು ಪ್ರಶ್ನೆಗಳೂ ನಮ್ಮ ಮೇಜಿನ ಮೇಲೆ ಸಿದ್ಧವಾಗಿರುತ್ತವೆ. ನಮ್ಮ ಮಕ್ಕಳ ಕೈಗಳನ್ನು ದೇವರು ಆಶೀರ್ವದಿಸಲಿ.